ಹಳೆಯ ಸೈಕಲ್ಲಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವನ್ನು ನಮ್ಮವರು ದೇವಾಲಯ, ಮಠ, ಗದ್ದುಗೆ, ಕಲ್ಯಾಣಿಗಳಿಗೆ ಮಾತ್ರ ಮೀಸಲಾಗಿಟ್ಟಿದ್ದಾರೆ. ಜೀರ್ಣವಾದುದನ್ನು ಮೇಲೆತ್ತಿ ನಿಲ್ಲಿಸುವುದೇ ಆ ಶಬ್ದದ ಅರ್ಥವಾಗಿರುವಾಗ, ದುಡಿದು ದಣಿದು ಕೊಟ್ಟಿಗೆಯ ಮೂಲೆ ಸೇರಿದ ಸೈಕಲ್ಲಿಗೂ ಅದು ಸಲ್ಲತಕ್ಕದ್ದೇ ಆಗಿದೆ. ಕೋಲಾರ ಜಿಲ್ಲೆಯ ನಾಲ್ಕು ಊರುಗಳಲ್ಲಿ ಅಲೆದು, ಒಂದೊಂದೇ ಭಾಗವನ್ನು ಹುಡುಕಿ ತಂದು, ಒಂದು ಹಳೆಯ ಸೈಕಲ್ಲನ್ನು ಮತ್ತೆ ದಾರಿಗಿಳಿಸಿದ ಕಾರ್ಯವನ್ನು ನಾವು ಹತ್ತಿರದಿಂದ ಕಂಡೆವು. ಒಂದು ಮನೆತನದ ಒಳಜಗಳವೂ ಅದರೊಡನೆ ಹೆಣೆದುಕೊಂಡಿತ್ತು. ನಮ್ಮ ಶರಣರು ಹೇಳಿದ ಕಾಯಕದ ಮರ್ಮವೂ ಅದರಲ್ಲಿ ಅಡಗಿತ್ತೆಂದು ತೋರಿದುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಸೈಕಲ್ ಬಂದ ದಾರಿ

ಇಂದು ನಾವು ಕಾಣುವ, ಎರಡು ಸಮನಾದ ಗಾಲಿಗಳ, ಚೈನಿನಿಂದ ಹಿಂಗಾಲಿ ತಿರುಗುವ ಸೈಕಲ್ಲಿಗೆ ರೂಪು ಕೊಟ್ಟವರು ಇಂಗ್ಲೆಂಡಿನ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯವರು. ಅದು 1885ರಲ್ಲಿ. ಮೂರು ವರ್ಷಗಳ ಬಳಿಕ, 1888ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದರು. ಅದೇ ವರ್ಷ ನಾಟಿಂಗ್‌ಹ್ಯಾಮ್ ನಗರದಲ್ಲಿ ಫ್ರ್ಯಾಂಕ್ ಬೌಡನ್ನರು ರ್ಯಾಲಿ ಸೈಕಲ್ ಕಂಪನಿಯನ್ನು ಕಟ್ಟಿದರು. ಕಾರ್ಖಾನೆಯಿದ್ದ ಬೀದಿಯ ಹೆಸರೇ ಸೈಕಲ್ಲಿನ ಹೆಸರಾಯಿತು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶದಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಹೆಚ್ಚಿನವು ರ್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ., ಹಂಬರ್, ಫಿಲಿಪ್ಸ್ ಮೊದಲಾದ ವಿಲಾಯಿತಿ ಹೆಸರಿನವೇ. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಸಂಸ್ಥೆಗಳು ಹುಟ್ಟಿದ ಮೇಲೆ ಸ್ವದೇಶದ ಸೈಕಲ್ಲು ಹಳ್ಳಿಹಳ್ಳಿಗೂ ತಲಪಿತು.

ಕೋಲಾರದ ಸೀಮೆಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಚಿನ್ನದ ಗಣಿಗಳಿಂದಾಗಿ ಕೆ.ಜಿ.ಎಫ್. ಒಂದು ಪುಟ್ಟ ವಿಲಾಯಿತಿಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಬಾಗಿಲಲ್ಲಿ ಸೈಕಲ್ಲುಗಳ ಸಾಲೇ ಹರಿಯುತ್ತಿತ್ತು. ಅಲ್ಲಿನ ನೌಕರರು ಊರು ಬಿಡುವಾಗ ಮಾರಿಹೋದ ಸೈಕಲ್ಲುಗಳು ಸುತ್ತಣ ಹಳ್ಳಿಗಳ ಉಪಾಧ್ಯಾಯರು, ಶ್ಯಾನುಭೋಗರು, ಹಾಲಿನವರ ಕೈಸೇರಿದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನಾಟಿಂಗ್‌ಹ್ಯಾಮಿನ ರ್ಯಾಲಿ ಕಾರ್ಖಾನೆಯೂ 2002ರಲ್ಲಿ ಬಾಗಿಲು ಹಾಕಿತು. ಮಾಡಿದವರೂ ಕೊಂಡವರೂ ಇಲ್ಲವಾದ ಮೇಲೆ ಉಳಿದುದು ಆ ಉಕ್ಕಿನ ದೇಹ ಮಾತ್ರ.

ಮೂವರು ಮಕ್ಕಳು, ಒಂದು ಸೈಕಲ್

ಶ್ರೀನಿವಾಸಪುರದ ಕಡೆಯ ಒಂದು ಭಕ್ತಕುಟುಂಬದ ಹಿರಿಯರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 1958ರಲ್ಲಿ ಅವರು ಕೆ.ಜಿ.ಎಫ್.ನ ರಾಬರ್ಟ್‌ಸನ್ ಪೇಟೆಯಿಂದ ಒಂದು ರ್ಯಾಲಿ ಸೈಕಲ್ಲನ್ನು ಕೈಬದಲಿಯಾಗಿ ಕೊಂಡು ತಂದರು. ಇಪ್ಪತ್ತೆಂಟು ಅಂಗುಲದ ಗಾಲಿ, ಕೇಬಲ್ಲಿಲ್ಲದೆ ಉಕ್ಕಿನ ಕಂಬಿಗಳಿಂದಲೇ ಕೆಲಸಮಾಡುವ ಬ್ರೇಕು, ಚರ್ಮದ ಸೀಟು, ಕೊಕ್ಕರೆಯ ಮುದ್ರೆ, ಇವು ಅದರ ಲಕ್ಷಣಗಳು. ವಾರದ ದಿನಗಳಲ್ಲಿ ಅದು ಅವರನ್ನು ಶಾಲೆಗೆ ಒಯ್ಯುತ್ತಿತ್ತು. ಸುಗ್ಗಿಯ ಕಾಲ ಬಂತೆಂದರೆ ಅದರ ಕ್ಯಾರಿಯರಿನ ಮೇಲೆ ರಾಗಿಯ ಚೀಲ ಏರುತ್ತಿತ್ತು. ಉಚಿತ ಪ್ರಸಾದನಿಲಯದ ಮಕ್ಕಳಿಗಾಗಿ ಅವರು ಹಳ್ಳಿಯಿಂದ ಹಳ್ಳಿಗೆ ಹೋಗಿ ಮನೆಗೊಂದು ಸೇರಿನಂತೆ ಧಾನ್ಯ ಎತ್ತುತ್ತಿದ್ದರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು (1907-2019) ನಾಡಿಗೆ ತೋರಿದ ದಾಸೋಹದ ದಾರಿಯಲ್ಲಿ ಇಂಥ ಎಷ್ಟು ಜನ ಹೆಸರಿಲ್ಲದ ಗೃಹಸ್ಥರು ಸೈಕಲ್ ತುಳಿದರೋ ಎಣಿಸಿದವರಿಲ್ಲ.

ಆ ಹಿರಿಯರು ಲಿಂಗೈಕ್ಯರಾದ ಮೇಲೆ ಮೂವರು ಗಂಡುಮಕ್ಕಳಲ್ಲಿ ಮನೆ ಪಾಲಾಯಿತು. ಜಮೀನು, ಮಾವಿನ ತೋಪು, ಪಾತ್ರೆಪದಾರ್ಥ ಎಲ್ಲವೂ ಹಂಚಿಕೆಯಾಗಿ, ಸೈಕಲ್ಲು ಯಾರ ಪಾಲಿಗೂ ಸೇರದೆ ಕೊಟ್ಟಿಗೆಯಲ್ಲಿ ಉಳಿಯಿತು. ಹಲವು ವರ್ಷಗಳ ಬಳಿಕ ಕೊಟ್ಟಿಗೆ ಕೆಡವಬೇಕಾಗಿ ಬಂದಾಗ ಅದರ ಮಾತೆದ್ದಿತು. ಹಿರಿಯ ಮಗ ಗುಜರಿಗೆ ತೂಕ ಹಾಕೋಣವೆಂದರು. ನಡುವಿನವರು ಬೆಂಗಳೂರಿನ ಒಂದು ಹೋಟೆಲಿನವರನ್ನು ಕರೆತಂದರು. ಹಳೆಯ ಸೈಕಲ್ಲುಗಳಿಗೆ ಬಣ್ಣ ಬಳಿದು ಗೋಡೆಗೆ ತೂಗುಹಾಕುವುದು ಈಗಿನ ಹೋಟೆಲುಗಳ ಒಂದು ಶೃಂಗಾರ. ಅವರು ಹದಿನೈದು ಸಾವಿರ ರೂಪಾಯಿ ಕೊಡಲು ಒಪ್ಪಿದ್ದರು. ಕಿರಿಯವರ ಮಗ, ಡಿಪ್ಲೊಮಾ ಓದುತ್ತಿದ್ದ ಯುವಕ, ಅದನ್ನು ರಿಪೇರಿ ಮಾಡಿ ಓಡಿಸುತ್ತೇನೆಂದು ಹಟ ಹಿಡಿದ. ಸೈಕಲ್ಲಿನ ನೆಪದಲ್ಲಿ ಹಳೆಯ ಪಾಲಿನ ವ್ಯಾಜ್ಯವೆಲ್ಲ ಮತ್ತೆ ಹೊರಬಿದ್ದಿತು. ಆ ಮನೆಯೊಡನೆ ನಮಗೆ ಬಹುಕಾಲದ ಒಡನಾಟವಿದ್ದುದರಿಂದ ಮಾತು ನಮ್ಮ ಮುಂದೆಯೇ ನಡೆಯಿತು. ಮೂವರೂ ಸೋತು ಸುಮ್ಮನಾದಾಗ ಒಳಗಿನಿಂದ ತಾಯಿಯವರು ಒಂದೇ ಮಾತು ಕೇಳಿದರು: “ದುಡಿದು ಹಾಕಿದ್ದನ್ನ ಗೋಡೆಗೆ ನೇಣು ಹಾಕ್ತೀರೇನಪ್ಪಾ?”

ಆಮೇಲೆ ಯಾರೂ ಹೋಟೆಲಿನ ಮಾತೆತ್ತಲಿಲ್ಲ. ಒಂದು ವರ್ಷದೊಳಗೆ ಓಡದಿದ್ದರೆ ಗುಜರಿಗೆ ಹಾಕುವುದೆಂದು ಹಿರಿಯ ಮಗ ಗಡುವಿಟ್ಟರು. ಹುಡುಗ ಒಪ್ಪಿಕೊಂಡ.

ಇಪ್ಪತ್ತಾರು ಸುತ್ತಿನ ತಿರುಪು

ಕೆಲಸಕ್ಕೆ ಕೈಯಿಟ್ಟಾಗ ಮೊದಲಿಗೆ ಎಲ್ಲವೂ ಸುಲಭವೆನಿಸಿತು. ವಿಲಾಯಿತಿ ಸೈಕಲ್ಲಿನ ಇಪ್ಪತ್ತೆಂಟು–ಒಂದೂವರೆ ಅಂಗುಲದ ಟಯರು ನಮ್ಮ ದೇಶದ ದೊಡ್ಡ ಸೈಕಲ್ಲಿಗೂ ಅದೇ ಅಳತೆ. ಮುಂಗಾಲಿಗೆ 32, ಹಿಂಗಾಲಿಗೆ 40 ಕಡ್ಡಿಗಳೆಂಬ ಲೆಕ್ಕವೂ ಅದೇ. ಹಿಂಗಾಲಿಯ ಗುಂಬದ ಒಂದೊಂದು ಬದಿಗೆ ಕಾಲು ಅಂಗುಲದ ಒಂಬತ್ತು ಗುಂಡುಗಳು, ಪೆಡಲಿನ ಅಚ್ಚಿಗೆ ಬದಿಗೆ ಹನ್ನೊಂದು ಗುಂಡುಗಳು. ಇವೆಲ್ಲ ಶ್ರೀನಿವಾಸಪುರದ ಅಂಗಡಿಯಲ್ಲೇ ದೊರೆತವು.

ತೊಡಕು ಬಂದುದು ಪೆಡಲಿನ ಅಚ್ಚನ್ನು ಹಿಡಿದುಕೊಳ್ಳುವ ಬಲಗಡೆಯ ಕಪ್ಪಿನಲ್ಲಿ. ಅದು ಸವೆದು ಬಿರುಕು ಬಿಟ್ಟಿತ್ತು. ಹೊಸ ಕಪ್ಪು ನೋಡಲು ತದ್ವತ್ ಹಾಗೆಯೇ ಇದೆ. ವ್ಯಾಸವೂ ಒಂದೇ, ಒಂದು ಅಂಗುಲ ಮೂರು ಎಂಟನೆಯ ಭಾಗ. ಆದರೆ ಸಾಮಾನ್ಯ ಸೈಕಲ್ಲಿನ ಕಪ್ಪಿನಲ್ಲಿ ಅಂಗುಲಕ್ಕೆ 24 ತಿರುಪಿನ ಸುತ್ತುಗಳಿದ್ದರೆ, ರ್ಯಾಲಿಯವರು ತಮ್ಮದೇ ಕ್ರಮದಲ್ಲಿ 26 ಸುತ್ತುಗಳನ್ನು ಕೊರೆದಿರುತ್ತಾರೆ. ಹ್ಯಾಂಡಲ್ ತಿರುಗುವ ಜಾಗದ ತಿರುಪೂ ಹಾಗೆಯೇ. ಮೊದಲ ಒಂದೆರಡು ಸುತ್ತು ಹೊಸ ಕಪ್ಪು ಒಳಗೆ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಸ್ಪಾನರ್ ಹಾಕಿ ಬಲವಾಗಿ ತಿರುಗಿಸಿದರೆ ಒಳಗೂ ಹೋದೀತು. ಆದರೆ ಹೋಗುತ್ತ ಹೋಗುತ್ತ ಚೌಕಟ್ಟಿನ ಕೊಳವೆಯ ಸುತ್ತುಗಳನ್ನೇ ತಿಂದುಹಾಕುತ್ತದೆ. ಕಪ್ಪನ್ನು ಬದಲಾಯಿಸಬಹುದು, ಕೊಳವೆ ಕೆಟ್ಟರೆ ಸೈಕಲ್ಲೇ ಹೋಯಿತು.

ಈ ಮರ್ಮವನ್ನು ಹುಡುಗನಿಗೆ ಹೇಳಿಕೊಟ್ಟವರು ಮುಳಬಾಗಿಲಿನ ಒಬ್ಬ ವಯೋವೃದ್ಧ ಸಾಹೇಬರು. ಹೆದ್ದಾರಿಯ ಗದ್ದಲದಿಂದ ಒಳಗೆ, ಹಳೆಯ ಪೇಟೆಯಲ್ಲಿ, ಐವತ್ತು ವರ್ಷಗಳಿಂದ ಸೈಕಲ್ ಶಾಪು ನಡೆಸಿದವರು. ಗಂಟೆಗಿಷ್ಟೆಂದು ಸೈಕಲ್ ಬಾಡಿಗೆ ಕೊಡುತ್ತಿದ್ದ ಕಾಲ ಮುಗಿದ ಮೇಲೂ ಪಂಚರು ಹಾಕುತ್ತ ಅಂಗಡಿಯನ್ನು ಉಳಿಸಿಕೊಂಡಿದ್ದಾರೆ. ಆ ಸೀಮೆಯ ವಾಡಿಕೆಯಂತೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರ ಮಾತು. ಅವರು ಎರಡು ಕಪ್ಪುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ಸುತ್ತಿಗೆ ಸುತ್ತು ಕೂತು ನಡುವೆ ಬೆಳಕು ಹಾಯದಿದ್ದರೆ ಒಂದೇ ಜಾತಿ. ಬೆಳಕು ಇಣುಕಿದರೆ ಬೇರೆ. “ಸ್ವಾಮಿ, ಮುಖ ನೋಡಿ ಸಂಬಂಧ ಮಾಡಬಾರದು, ಸುತ್ತು ನೋಡಿ ಮಾಡಬೇಕು” ಎಂದು ನಮ್ಮ ಕಡೆ ತಿರುಗಿ ನಕ್ಕರು. ಬಲಗಡೆಯ ಕಪ್ಪು ಎಡತಿರುಪಿನದು, ಬಿಚ್ಚುವಾಗ ಎಲ್ಲರಂತೆ ತಿರುಗಿಸಿದರೆ ಇನ್ನಷ್ಟು ಬಿಗಿಯುತ್ತದೆ ಎಂಬುದನ್ನೂ ಅವರೇ ಎಚ್ಚರಿಸಿದರು. ಅಟ್ಟದ ಮೇಲಿನ ತುಪ್ಪದ ಡಬ್ಬಿಯೊಂದರಲ್ಲಿ ಅವರು ಕೂಡಿಟ್ಟಿದ್ದ ಹಳೆಯ ಕಪ್ಪುಗಳನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ ಒರಸಿದಾಗ, ಇಪ್ಪತ್ತಾರು ಸುತ್ತಿನ ಒಂದು ಕಪ್ಪು ಸಿಕ್ಕಿತು.

ಬೇಕಾದಷ್ಟು ಮಾತ್ರ

ಆ ಡಬ್ಬಿಯಲ್ಲಿ ಇನ್ನೂ ಹಲವು ಅಪೂರ್ವ ವಸ್ತುಗಳಿದ್ದವು. ಬೇರೆ ಬೇರೆ ವಿಲಾಯಿತಿ ಸೈಕಲ್ಲಿನ ಬೆಲ್ಲು, ಲ್ಯಾಂಪಿನ ಮುಖ, ಮಡ್‌ಗಾರ್ಡಿನ ತುದಿ, ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಪುರಸಭೆಗಳು ಕೊಡುತ್ತಿದ್ದ ಬಿಲ್ಲೆಗಳು. ಡಬ್ಬಿಯನ್ನೇ ಒಯ್ಯಿ ಎಂದು ಸಾಹೇಬರು ಹೇಳಿದರು. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಕೊನೆಗೆ, “ತಾತಾ, ನಮ್ಮ ಸೈಕಲ್ಲಿಗೆ ಬೇಕಾದ್ದು ಇದೊಂದೇ. ಉಳಿದದ್ದು ಇನ್ನೊಬ್ಬರು ಹುಡುಕ್ಕೊಂಡು ಬರ್ತಾರೆ” ಎಂದು ಒಂದು ಕಪ್ಪಿನ ಹಣ ಕೊಟ್ಟು ಎದ್ದ.

ನಮಗೆ ಆಗ ನೆನಪಾದವರು ಆಯ್ದಕ್ಕಿ ಲಕ್ಕಮ್ಮನವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಮರಳಿ ಕಳುಹಿಸಿದ ಮಹಾತಾಯಿ ಆಕೆ. ಆಯುವುದು ಕಾಯಕ, ಕೂಡಿಡುವುದು ಆಸೆ. ಇವೆರಡರ ನಡುವಣ ಗೆರೆ ಎಷ್ಟು ತೆಳುವೆಂಬುದು ಹಳೆಯ ವಸ್ತುಗಳನ್ನು ಸಂಗ್ರಹಿಸುವವರಿಗೆ ಚೆನ್ನಾಗಿ ಗೊತ್ತು. ಒಂದು ಸೈಕಲ್ಲಿಗೆಂದು ಹೊರಟವರು ಹತ್ತು ಸೈಕಲ್ಲುಗಳ ಮೂಳೆಗಳನ್ನು ಮನೆಯಲ್ಲಿ ರಾಶಿ ಹಾಕಿಕೊಂಡು, ಒಂದನ್ನೂ ಓಡಿಸದೆ ಕುಳಿತ ಉದಾಹರಣೆಗಳುಂಟು.

ಇನ್ನೊಂದು ಕೊರತೆ ಚೈನಿನ ಹಲ್ಲುಗಾಲಿಯದು. ರ್ಯಾಲಿಯ ಹಲ್ಲುಗಾಲಿಯಲ್ಲಿ ಮೂರು ಕೊಕ್ಕರೆಗಳ ಆಕೃತಿಯನ್ನು ಕತ್ತರಿಸಿರುತ್ತಾರೆ. ಈ ಸೈಕಲ್ಲಿನದು ಎಂದೋ ಸವೆದು ಹೋಗಿ ಸಾದಾ ಗಾಲಿ ಕೂತಿತ್ತು. ಅದರ ಹಲ್ಲುಗಳೂ ಈಗ ಮೊನೆಯಾಗಿ ಚೈನು ಜಾರುತ್ತಿತ್ತು. ಹೇಗೂ ಬದಲಾಯಿಸಬೇಕಾದುದರಿಂದ ಮೂಲದ್ದನ್ನೇ ಹುಡುಕಲು ಹುಡುಗ ನಿಶ್ಚಯಿಸಿದ. ನಾಲ್ಕು ತಿಂಗಳ ಬಳಿಕ ಅದು ಸಿಕ್ಕಿದ್ದು ಮಾಲೂರಿನಲ್ಲಿ. ಹೆಂಚು, ಇಟ್ಟಿಗೆಗಳ ಆ ಊರಿನ ಗುಜರಿಯೊಂದರಲ್ಲಿ ತಂತಿಗೆ ಪೋಣಿಸಿದ ಹತ್ತಾರು ಹಲ್ಲುಗಾಲಿಗಳ ನಡುವೆ ಕೊಕ್ಕರೆಗಳಿದ್ದುದು ಒಂದಿತ್ತು. ಅಂಗಡಿಯವನು ಮೊದಲು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ, ಹುಡುಗನ ಮುಖ ಅರಳಿದುದನ್ನು ಕಂಡೊಡನೆ ಬಿಡಿ ಲೆಕ್ಕಕ್ಕೆ ತಿರುಗಿದನು. ಗುಜರಿಯಲ್ಲಿ ಹುಡುಕುವವರು ಮುಖವನ್ನು ಗಂಟಿಕ್ಕಿಕೊಂಡಿರಬೇಕೆಂಬುದು ಅಂದಿನ ಪಾಠ.

ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು, ಗಾಲಿಗಳ ಬೆಂಡು ತೆಗೆಯುವ ಕೆಲಸ, ಬ್ರೇಕಿನ ಕಂಬಿ, ಇವು ಕೋಲಾರದಲ್ಲಿ ನಡೆದವು. ಕಾಟರ್ ಪಿನ್ನನ್ನು ಅರದಿಂದ ಕೂದಲೆಳೆಯಷ್ಟೇ ಉಜ್ಜಿ, ಹಾಕಿ, ತೆಗೆದು, ಮತ್ತೆ ಉಜ್ಜಿ ಕೂರಿಸಬೇಕು. ಎರಡು ಪೆಡಲುಗಳೂ ಒಂದೇ ನೇರದಲ್ಲಿ ನಿಲ್ಲದಿದ್ದರೆ ತುಳಿಯುವವರ ಕಾಲು ಪ್ರತಿ ಸುತ್ತಿನಲ್ಲೂ ಕುಂಟುತ್ತದೆ. ಗಾಲಿಯ ಕಡ್ಡಿಗಳನ್ನು ಬಿಗಿಮಾಡುವವರು ಒಂದೊಂದನ್ನೂ ಬೆರಳಿನಿಂದ ಮೀಟಿ ನಾದ ಕೇಳುತ್ತಿದ್ದುದನ್ನು ಕಂಡು ನಮಗೆ ವೀಣೆಯ ಶ್ರುತಿ ಹಿಡಿಯುವವರು ನೆನಪಾದರು. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ದನಿ ಕೊಟ್ಟರೆ ಗಾಲಿ ನೇರವಾಗಿ ತಿರುಗುತ್ತದೆ.

ಸೀಟಿನ ಚರ್ಮ ಮುಂಭಾಗದಲ್ಲಿ ಹರಿದಿತ್ತು. ಹೊಸ ಸೀಟು ಕೊಳ್ಳುವುದು ಸುಲಭವಾಗಿತ್ತು. ಆದರೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಹರಿದುದನ್ನು ನೋಡಿ, ಒಳಗಡೆ ಪಟ್ಟಿಕೊಟ್ಟು ಹೊಲಿದರೆ ಇನ್ನು ಹತ್ತು ವರ್ಷ ಬರುತ್ತದೆಂದರು. ಹೊಲಿಗೆ ಮುಗಿಸಿ, ಹಿತ್ತಾಳೆಯ ಮೊಳೆಗಳನ್ನು ಮತ್ತೆ ಬಡಿದು, ಎಣ್ಣೆ ಸವರಿ ಕೈಗಿತ್ತಾಗ ಹುಡುಗ ಎರಡೂ ಕೈ ಜೋಡಿಸಿದ. ಹರಳಯ್ಯ ಶರಣರ ಹೆಸರನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಸ್ಮರಿಸುವ ನಾವು, ಆ ಕಾಯಕ ಇಂದಿಗೂ ಬಿಸಿಲಿನಲ್ಲಿ ಕುಳಿತಿರುವುದನ್ನು ಎಷ್ಟು ಸಲ ನಿಂತು ನೋಡಿದ್ದೇವೆ?

ಓಲೆಗರಿಯ ಪಾಠ

ಶಾಸ್ತ್ರಗ್ರಂಥಗಳ ನಡುವೆ ಬೆಳೆದ ನಮಗೆ ಈ ಇಡೀ ಕಾರ್ಯದಲ್ಲಿ ಗ್ರಂಥಸಂಪಾದನೆಯ ಕ್ರಮವೇ ಕಾಣಿಸಿತು. ವಚನಪಿತಾಮಹ ಫ.ಗು. ಹಳಕಟ್ಟಿಯವರು (1880-1964) ವಿಜಾಪುರದಲ್ಲಿ ಸೈಕಲ್ಲಿನ ಮೇಲೆಯೇ ಓಡಾಡುತ್ತಿದ್ದರೆಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ಮನೆಮನೆಯ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದರೂ ಓದಿಗೆ ಸಿಗದಿದ್ದ ಓಲೆಗರಿಯ ಕಟ್ಟುಗಳನ್ನು ಅವರು ಹುಡುಕಿ, ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಒಂದು ಪ್ರತಿಯಲ್ಲಿ ಹುಳು ತಿಂದ ಜಾಗಕ್ಕೆ ಇನ್ನೊಂದು ಪ್ರತಿಯ ಪಾಠವನ್ನು ತರುವುದು ಸಂಪಾದಕನ ಕೆಲಸ. ಆದರೆ ಹೊಂದುವಂತೆ ತೋರುವ ಯಾವುದೋ ಮಾತನ್ನು ಬಲವಂತದಿಂದ ಅಲ್ಲಿ ತುರುಕಿದರೆ ಅದು ಪ್ರಕ್ಷಿಪ್ತ. ಅದು ಆ ಒಂದು ಜಾಗವನ್ನಷ್ಟೇ ಅಲ್ಲ, ಸುತ್ತಣ ಪಾಠವನ್ನೂ ಕೆಡಿಸುತ್ತದೆ. ಇಪ್ಪತ್ನಾಲ್ಕು ಸುತ್ತಿನ ಕಪ್ಪು ಇಪ್ಪತ್ತಾರು ಸುತ್ತಿನ ಕೊಳವೆಗೆ ಮಾಡುವುದು ಅದನ್ನೇ. ಏನು ಬೇಕೆಂಬುದನ್ನು ನಮ್ಮ ಇಚ್ಛೆ ತೀರ್ಮಾನಿಸಬಾರದು. ಖಾಲಿಯಾದ ಜಾಗವೇ ಹೇಳಬೇಕು.

ಏನೂ ಸಿಗದಿದ್ದರೆ? ಪ್ರಾಮಾಣಿಕ ಸಂಪಾದಕನು ಆ ಸ್ಥಳದಲ್ಲಿ ಚುಕ್ಕಿಗಳನ್ನಿಟ್ಟು ‘ತ್ರುಟಿತ’ವೆಂದು ಸೂಚಿಸಿ ಮುಂದೆ ಸಾಗುತ್ತಾನೆ. ಈ ಸೈಕಲ್ಲಿನ ಚೌಕಟ್ಟಿನಲ್ಲಿ ಗಾಳಿ ಹೊಡೆಯುವ ಪಂಪನ್ನು ಸಿಕ್ಕಿಸಲು ಎರಡು ಗೂಟಗಳಿವೆ. ಅದಕ್ಕೆ ತಕ್ಕ ಪಂಪು ಸಿಗಲಿಲ್ಲ. ಬೇರಾವುದನ್ನೋ ತಂದು ಸಿಕ್ಕಿಸದೆ ಗೂಟಗಳನ್ನು ಹಾಗೆಯೇ ಖಾಲಿ ಬಿಟ್ಟಿದ್ದಾರೆ. ಕಪ್ಪು ಬಣ್ಣವನ್ನೂ ಹೊಸದಾಗಿ ಹೊಡೆಸಲಿಲ್ಲ. ತೊಳೆದು ಮೇಣ ಹಚ್ಚಿದಾಗ, ಮೇಲಿನ ಕೊಳವೆಯ ಒಂದು ಪಕ್ಕ ಬಣ್ಣ ಪೂರ್ತಿ ಸವೆದಿರುವುದು ಕಂಡಿತು. ಆ ಉಪಾಧ್ಯಾಯರು ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತುವಾಗ ರಾಗಿಯ ಚೀಲವನ್ನು ಅಲ್ಲಿಯೂ ಅಡ್ಡ ಹಾಕುತ್ತಿದ್ದರೆಂದು ತಾಯಿಯವರು ಹೇಳಿದರು. ಹೊಸ ಬಣ್ಣ ಬಳಿದಿದ್ದರೆ ಆ ಗುರುತು ಅಳಿದುಹೋಗುತ್ತಿತ್ತು.

ಗಡುವಿಗೆ ಇನ್ನೂ ಮೂರು ವಾರಗಳಿರುವಾಗ ಸೈಕಲ್ಲು ಓಡಿತು. ಗುಜರಿಗೆ ಹಾಕೋಣವೆಂದಿದ್ದ ಹಿರಿಯ ಮಗ ಬಂದು, ಸುಮ್ಮನೆ ಸುತ್ತುಹಾಕಿ ನೋಡಿ, ಹ್ಯಾಂಡಲ್ ಹಿಡಿದು, ಊರ ಮುಂದಿನ ಕೆರೆಯ ಏರಿಯವರೆಗೆ ಹೋಗಿ ಬಂದರು. ಚಿಕ್ಕಂದಿನಲ್ಲಿ ಚೌಕಟ್ಟಿನೊಳಗೆ ಕಾಲು ತೂರಿಸಿ ಅವರು ಸೈಕಲ್ ಕಲಿತದ್ದು ಅದರಲ್ಲಿಯೇ. ಪಾಲಿನ ವ್ಯಾಜ್ಯ ಅಂದೇ ತೀರಿತೆಂದು ನಾವು ಹೇಳಲಾರೆವು. ತೋಪಿನ ಗಡಿಯ ಮಾತು ಈಗಲೂ ಉಂಟು. ಆದರೆ ಮೂರು ಮನೆಯವರೂ ಸರದಿಯಂತೆ ಬೆಳಗಿನ ಹಾಲನ್ನು ಡೈರಿಗೆ ಒಯ್ಯುವುದು ಈಗ ಆ ಸೈಕಲ್ಲಿನಲ್ಲಿಯೇ. ಯಾರ ಪಾಲಿಗೂ ಸೇರದಿದ್ದುದು ಎಲ್ಲರ ಪಾಲಿನದಾಗಿದೆ.

ಗೃಹಸ್ಥರಿಗೆ ಕೆಲವು ಮಾತು

ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಸೈಕಲ್ಲುಗಳು ಇರಬಹುದು. ಅವುಗಳನ್ನು ಎತ್ತಿ ನಿಲ್ಲಿಸುವ ಮನಸ್ಸುಳ್ಳವರು ಮೊದಲು ಏನನ್ನೂ ಬಿಚ್ಚದೆ, ಸೀಟಿನ ಕೆಳಗಿನ ಚೌಕಟ್ಟಿನ ಸಂಖ್ಯೆ, ಮುದ್ರೆ, ಇರುವ ಭಾಗ, ಇಲ್ಲದ ಭಾಗಗಳನ್ನು ಬರೆದಿಟ್ಟುಕೊಳ್ಳಬೇಕು. ತುಕ್ಕು ಹಿಡಿದ ತಿರುಪುಗಳಿಗೆ ಸುತ್ತಿಗೆಯ ಪೆಟ್ಟಿಗಿಂತ ಸೀಮೆಎಣ್ಣೆಯೂ ತಾಳ್ಮೆಯೂ ಹೆಚ್ಚು ಉಪಕಾರಿ. ಹೊಳಪಿನ ಲೇಪವಿರುವ ಭಾಗಗಳಿಗೆ ಮರಳುಕಾಗದ ಹಚ್ಚಬಾರದು. ತೆಗೆದ ಹಳೆಯ ಭಾಗವನ್ನು ಹೊಸದು ಸಿಗುವ ತನಕ ಎಸೆಯಬಾರದು. ಅಳತೆಗೆ ಅದೇ ಸಾಕ್ಷಿ. ಎಲ್ಲಕ್ಕಿಂತ ಮಿಗಿಲಾಗಿ, ಊರಿನ ಹಳೆಯ ಸೈಕಲ್ ಶಾಪಿನವರನ್ನು ಅವರು ಇರುವಾಗಲೇ ಕಂಡು ಮಾತನಾಡಿಸಬೇಕು. ಕಪ್ಪು, ಕಾಟರ್ ಪಿನ್ನುಗಳು ಇನ್ನೆಲ್ಲಿಯಾದರೂ ಸಿಕ್ಕಾವು. ಬೆಳಕಿಗೆ ಹಿಡಿದು ಸುತ್ತು ನೋಡುವ ಕಣ್ಣು ಅವರೊಡನೆಯೇ ಹೋಗುತ್ತದೆ.

ಸಂಗ್ರಹಾಲಯಗಳು ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಪುಣೆಯಲ್ಲಿ 2017ರಲ್ಲಿ ತೆರೆದ ವಿಕ್ರಮ್ ಪೆಂಡ್ಸೆಯವರ ಸೈಕಲ್ ಸಂಗ್ರಹಾಲಯದಂಥವು ಮುಂದಿನವರಿಗೆ ವಿದ್ಯೆಯನ್ನು ಕಾಯ್ದಿಡುತ್ತವೆ. ಆದರೆ ಮನೆಯೆಂಬುದು ಸಂಗ್ರಹಾಲಯವಲ್ಲ. ನಿಂತುದಕ್ಕೂ ನಡೆಯುವುದಕ್ಕೂ ಇರುವ ಅಂತರವನ್ನು, ಸ್ಥಾವರ ಜಂಗಮಗಳ ಭೇದವನ್ನು, ಬಸವಾದಿ ಶರಣರು ನಮಗೆ ಎಂಟು ಶತಮಾನಗಳಿಗೂ ಹಿಂದೆ ತಿಳಿಸಿಕೊಟ್ಟಿದ್ದಾರೆ. 2013ರಿಂದ ಕೋಲಾರದ ನರಸಾಪುರದಲ್ಲಿ ಹೋಂಡಾ ಕಂಪನಿಯ ಕಾರ್ಖಾನೆ ಲಕ್ಷಾಂತರ ಮೋಟಾರು ದ್ವಿಚಕ್ರಗಳನ್ನು ಹೊರತರುತ್ತಿದೆ; ಅದೇ ಜಿಲ್ಲೆಯ ಹಳ್ಳಿಯ ದಾರಿಯಲ್ಲಿ, ಸವೆದ ಬಣ್ಣದ, ಪಂಪಿಲ್ಲದ ಒಂದು ಸೈಕಲ್ಲು ಹಾಲಿನ ಕ್ಯಾನು ಹೊತ್ತು ಹೋಗುತ್ತಿದೆ. ಹಿರಿಯರ ವಸ್ತುವನ್ನು ಪೂಜಿಸುವುದಕ್ಕಿಂತ ಅದರ ಕಾಯಕವನ್ನು ಮುಂದುವರಿಸುವುದೇ ಅವರಿಗೆ ಸಲ್ಲುವ ಗೌರವವೆಂದು ನಾವು ನಂಬಿದ್ದೇವೆ.